ಮರಿಗೆಂದು ಬಂದ ಮೊಟ್ಟೆಗಳು

ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ವಿಭಾಗದಿಂದ ಸ್ವಲ್ಪ ದೂರದಲ್ಲಿ, ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಕಚೇರಿ. ಹೊರದೇಶದಿಂದ ಬರುವ ಸಾಮಾನಿಗೆ ಕಸ್ಟಮ್ಸ್ ಕಾಗದ ಸಿದ್ಧ ಮಾಡಿಕೊಡುವುದು ನಮ್ಮ ಕಸುಬು. ಸಾಗಿಸಬಹುದಾದ ಪ್ರತಿಯೊಂದು ವಸ್ತುವಿಗೂ ಸುಂಕದ ಪುಸ್ತಕದಲ್ಲಿ ಒಂದು ಅಧ್ಯಾಯ, ಒಂದು ಸಾಲು, ಒಂದು ಸಂಖ್ಯೆ ಇರುತ್ತದೆ. ಆ ಸಾಲನ್ನು ಹುಡುಕಿ ಬರೆಯುವ ಕೆಲಸಕ್ಕೆ ವರ್ಗೀಕರಣ ಎನ್ನುತ್ತಾರೆ. ನಾನೀಗ ಆ ವಿಭಾಗದ ಮುಖ್ಯಸ್ಥೆ. ಈ ಕುರ್ಚಿಗೆ ನಾನು ಬಂದ ಬಗೆಯನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ನನ್ನದು ದೊಡ್ಡಬಳ್ಳಾಪುರ. ಮನೆಯಲ್ಲಿ ದಖ್ನಿ, ಓದಿದ್ದು ಕನ್ನಡ ಮೀಡಿಯಂ. ಅಬ್ಬಾ ಮಗ್ಗದವರಿಗೆ ನೂಲು ಮಾರುತ್ತಿದ್ದರು. ಡಿಗ್ರಿ ಮುಗಿಸಿ ಈ ಕಚೇರಿಗೆ ಸೇರಿದಾಗ ನನಗೆ ಟೈಪಿಂಗ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕಲಿಸಿದವರು ನಮ್ಮ ಸರ್. ಅವರು ತ್ಯಾಮಗೊಂಡ್ಲಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಸುಂಕದ ಪುಸ್ತಕದ ಬಹುಪಾಲನ್ನು ಬಾಯಲ್ಲೇ ಹೇಳುವವರು. ಬೆಳಿಗ್ಗೆ ಊರಿನಿಂದ ಒಂದು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದು, ಅಲ್ಲಿಂದ ನಾನು ಹತ್ತುವ ಬಸ್ಸನ್ನೇ ಹತ್ತುತ್ತಿದ್ದರು. ನನ್ನ ಪಾಠವೆಲ್ಲ ನಡೆದದ್ದು ಆ ಬಸ್ಸಿನಲ್ಲೇ.

“ಅಲ್ನೋಡಮ್ಮಾ, ಆ ಟೆಂಪೋದಲ್ಲಿ ಏನು ಹೋಗ್ತಾ ಇದೆ?”

“ರೇಷ್ಮೆ ಗೂಡು ಸರ್. ಐವತ್ತನೇ ಅಧ್ಯಾಯ.”

“ಅಧ್ಯಾಯ ಯಾರು ಬೇಕಾದ್ರೂ ಹೇಳ್ತಾರೆ. ನೂಲು ಬಿಚ್ಚೋಕೆ ಬರೋ ಗೂಡಾ, ಬರದೇ ಇರೋ ಗೂಡಾ? ಎರಡಕ್ಕೂ ಸಾಲು ಬೇರೆ. ಅದನ್ನ ಕೇಳ್ಬೇಕು ನೀನು.”

ಹೀಗೆ ದಾರಿಯಲ್ಲಿ ಕಾಣುವ ಟಾರ್ಪಾಲು, ಚಕ್ಕೋತ, ಚೆಂಡುಹೂವು, ಹಳೇ ಟೈರು ಎಲ್ಲಕ್ಕೂ ಪ್ರಶ್ನೆ ಕೇಳುತ್ತಿದ್ದರು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. “ಇಳಿಯೋದ್ರೊಳಗೆ ಯೋಚ್ನೆ ಮಾಡು” ಎನ್ನುತ್ತಿದ್ದರು. ಎಂಟು ವರ್ಷ ಹೀಗೆ ಹೋಯಿತು.

ಆ ಮೊಟ್ಟೆಗಳ ವಿಷಯ ಬಂದದ್ದು ಕುಂದಾಣದ ಕಡೆಯ ದಂಪತಿಯಿಂದ. ಗಂಡ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಹುಳುಮನೆಯಲ್ಲಿ ಬೆಳೆದವರು; ತವರಿನಲ್ಲಿ ರೇಷ್ಮೆಯ ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಎಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುತ್ತಿದ್ದರಂತೆ. ಶಾಖ ಎಷ್ಟಿರಬೇಕು, ತೇವ ಎಷ್ಟಿರಬೇಕು ಎಂಬುದು ಅವರಿಗೆ ಚರ್ಮಕ್ಕೇ ಗೊತ್ತಾಗುತ್ತಿತ್ತು. ಅದೇ ಧೈರ್ಯದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಕಾವು ಕೊಡುವ ಯಂತ್ರ ಇಟ್ಟುಕೊಂಡು, ಸುತ್ತಲಿನ ನಾಲ್ಕಾರು ಫಾರಂನವರ ಮೊಟ್ಟೆಗಳನ್ನು ಮರಿ ಮಾಡಿಕೊಡುತ್ತಿದ್ದರು. ಈಗ ಆ ಫಾರಂನವರೆಲ್ಲ ಸೇರಿ, ಅನುಮತಿ ಪತ್ರ ಪಡೆದು, ಹೊರಗಿನ ಒಂದು ಒಳ್ಳೆಯ ಬಾತುಕೋಳಿ ತಳಿಯ ಮುನ್ನೂರ ಅರವತ್ತು ಮೊಟ್ಟೆ ತರಿಸುತ್ತಿದ್ದರು.

ಇಬ್ಬರೂ ಒಂದು ದಿನ ಕಚೇರಿಗೆ ಬಂದರು. ಮಾತೆಲ್ಲ ಗಂಡನದು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

“ವಿಮಾನ ಇಳಿದ ಮೇಲೆ ನಮ್ಮ ಕೈಗೆ ಬರೋಕೆ ಎಷ್ಟು ದಿನ ಆಯ್ತದೆ ಸಾರ್?”

“ಕಾಗದ ಸರಿ ಇದ್ರೆ ಅವತ್ತೇ ಕೊಡಿಸ್ತೀನಮ್ಮಾ” ಎಂದರು ಸರ್.

ಮಾರನೆಯ ದಿನ ಬಸ್ಸಿನಲ್ಲಿ ಸರ್ ಅದನ್ನೇ ಪಾಠ ಮಾಡಿದರು. “ತಿನ್ನೋ ಮೊಟ್ಟೇನೋ ಮರಿ ಮಾಡೋ ಮೊಟ್ಟೇನೋ, ನೋಡಿ ಹೇಳೋಕಾಗುತ್ತಾ?”

ನಮ್ಮ ಅಮ್ಮಿ ಮನೆಯಲ್ಲಿ ನಾಟಿ ಕೋಳಿ ಸಾಕಿದವಳು. ನನಗೆ ಇದು ಗೊತ್ತಿತ್ತು. “ಕಾವಿಗಿಟ್ಟು ವಾರ ಆದ್ಮೇಲೆ ಟಾರ್ಚ್ ಹಿಡಿದ್ರೆ ಒಳಗೆ ರಕ್ತದ ಎಳೆ ಕಾಣುತ್ತೆ ಸರ್. ಅದಕ್ಕೆ ಮುಂಚೆ ಏನೂ ಗೊತ್ತಾಗಲ್ಲ.”

“ಹಾಗಾದ್ರೆ ಇಳಿದ ದಿನ ಆಫೀಸರ್ ಹೆಂಗೆ ನಂಬ್ತಾರೆ? ಅಲ್ಲಿನ ಡಾಕ್ಟರ್ ಸರ್ಟಿಫಿಕೇಟು, ಇಲ್ಲಿನ ಅನುಮತಿ, ನಾವು ಬರೆದ ಸಾಲು. ಮೂರೂ ಒಂದೇ ಮಾತು ಹೇಳ್ಬೇಕು. ನಾಲ್ಕನೇ ಅಧ್ಯಾಯ, ಚಿಪ್ಪಿರೋ ಹಕ್ಕಿ ಮೊಟ್ಟೆ. ಅದ್ರಲ್ಲಿ ಫಲಿತವಾಗಿರೋ, ಕಾವಿಗಿಡೋ ಮೊಟ್ಟೆ ಬೇರೆ. ಅದ್ರೊಳಗೆ ಕೋಳೀದು ಒಂದು ಸಾಲು, ಬಾತುಕೋಳೀದು ಇನ್ನೊಂದು.”

ಇಷ್ಟು ಸ್ಪಷ್ಟವಾಗಿ ಹೇಳಿದವರೇ ತಪ್ಪು ಮಾಡಿದರು. ಹಿಂದಿನ ತಿಂಗಳು ಒಂದು ಕೋಳಿ ಹ್ಯಾಚರಿಯ ಕಡತ ಮಾಡಿದ್ದರು. ಅದನ್ನೇ ನಕಲು ತೆಗೆದುಕೊಂಡು ಹೆಸರು, ಸಂಖ್ಯೆ, ವಿಮಾನದ ವಿವರ ಎಲ್ಲ ಬದಲಾಯಿಸಿದರು. ಸಾಲನ್ನು ಬದಲಾಯಿಸುವುದು ಮರೆತರು. ಬಾತುಕೋಳಿಯ ಮೊಟ್ಟೆಗಳು ಕೋಳಿಯ ಸಾಲಿನಲ್ಲಿ ಉಳಿದವು.

ಕರಡನ್ನು ಎರಡನೆಯವರು ನೋಡಿ ‘ಪರಿಶೀಲಿಸಿದೆ’ ಎಂದು ಒತ್ತಿದ ಮೇಲೆಯೇ ಅದು ಕಸ್ಟಮ್ಸ್‌ಗೆ ಹೋಗುವುದು ನಮ್ಮಲ್ಲಿನ ಪದ್ಧತಿ. ಗುರುವಾರ ಸಂಜೆ ಐದು ಗಂಟೆಯ ಹೊತ್ತಿಗೆ ಆ ಕರಡು ನನ್ನ ಪರದೆಗೆ ಬಂತು. ತಪ್ಪು ತಕ್ಷಣ ಕಾಣಿಸಿತು. ಸರ್ ಎದುರು ಮೇಜಿನಲ್ಲೇ ಇದ್ದರು, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. “ಸರ್, ಬಾತುಕೋಳಿ” ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಬ್ಯಾಗು ಕೆಳಗಿಟ್ಟು, ತಲೆ ಚಚ್ಚಿಕೊಂಡು, ಐದು ನಿಮಿಷದಲ್ಲಿ ತಿದ್ದಿಬಿಡುತ್ತಿದ್ದರು.

ನಾನು ಹೇಳಲಿಲ್ಲ. ಎರಡು ದಿನದ ಹಿಂದೆ ಮ್ಯಾನೇಜರ್ ನನ್ನನ್ನು ಕರೆದು, ವರ್ಗೀಕರಣಕ್ಕೆ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಬೇಕಿದೆ ಎಂದಿದ್ದರು. “ನೋಡಮ್ಮಾ, ಅವ್ರು ಹಿರಿಯರು, ಮರ್ಯಾದೆ ಇದೆ. ಆದ್ರೆ ಎಲ್ಲಾ ಆನ್‌ಲೈನ್ ಆಗ್ತಾ ಇದೆ. ನಿನ್ನನ್ನೂ ನೋಡ್ತಾ ಇದ್ದೀನಿ” ಎಂದಿದ್ದರು. ಆ ಮಾತು ನನ್ನ ಕಿವಿಯಲ್ಲೇ ಇತ್ತು. ಸರ್ ತಪ್ಪು ಮಾಡುತ್ತಾರೆ ಎಂಬುದು ಒಂದು ಸಲ ಮೇಲಿನವರಿಗೆ ಕಾಣಲಿ ಎನಿಸಿತು. ಅಷ್ಟೇ ಅಂದುಕೊಂಡಿದ್ದೆ. ಒಂದು ತಿದ್ದುಪಡಿ ಅರ್ಜಿ, ಅರ್ಧ ದಿನದ ತಡ, ಯಾರಿಗೂ ನಷ್ಟವಿಲ್ಲ. ‘ಪರಿಶೀಲಿಸಿದೆ’ ಎಂದು ಒತ್ತಿ, ಸರ್ ಜೊತೆ ಅದೇ ಬಸ್ಸಿನಲ್ಲಿ ಮನೆಗೆ ಹೋದೆ. ಅವರು ಅವತ್ತು ಪ್ರಶ್ನೆ ಕೇಳಲಿಲ್ಲ. ಮಗಳಿಗೆ ನೋಡಿದ ಗಂಡಿನ ವಿಚಾರ ಮಾತಾಡಿದರು.

ಶುಕ್ರವಾರ ಬೆಳಿಗ್ಗೆ ವಿಮಾನ ಇಳಿಯಿತು. ಅನುಮತಿ ಪತ್ರದಲ್ಲಿ ಬಾತುಕೋಳಿ, ನಮ್ಮ ಕಾಗದದಲ್ಲಿ ಕೋಳಿ. ಎರಡೂ ಹೊಂದುವವರೆಗೆ ಪೆಟ್ಟಿಗೆ ತೆರೆಯುವುದಿಲ್ಲ ಎಂದರು ಪಶು ಕ್ವಾರಂಟೈನ್ ಡಾಕ್ಟರ್. ಅವರ ಕೆಲಸ ಅದು, ಅವರು ಹೇಳಿದ್ದು ಸರಿಯೇ. ಸರ್ ತಿದ್ದುಪಡಿ ಅರ್ಜಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದರು. ಅವರು ಅತ್ತ ಹೋದ ಮೇಲೆ ನಾನು ಮ್ಯಾನೇಜರಿಗೆ ಮೇಲ್ ಬರೆಯಲು ಕುಳಿತೆ. ‘ಇಂದು ಬೆಳಿಗ್ಗೆ ನನ್ನ ಗಮನಕ್ಕೆ ಬಂದಂತೆ’ ಎಂದು ಶುರು ಮಾಡಿದ್ದೆ.

ಆಗ ವಿಮಾನ ನಿಲ್ದಾಣದ ಗೋದಾಮಿನಿಂದ ಫೋನ್ ಬಂತು.

“ಮೇಡಂ, ನಿಮ್ದು ಮೊಟ್ಟೆ ಪೆಟ್ಟಿಗೆ ಮೂರು ಇಲ್ಲೇ ಬಿದ್ದವೆ. ಎಲ್ಲಿಡ್ಲಿ? ಹದಿನೈದು ಡಿಗ್ರಿ ರೂಮಲ್ಲೂ ಜಾಗ ಐತೆ, ಔಷಧಿ ಇಡೋ ಎರಡರಿಂದ ಎಂಟರ ರೂಮಲ್ಲೂ ಐತೆ.”

“ಪೆಟ್ಟಿಗೆ ಮೇಲೆ ಬರೆದಿಲ್ವಾ?”

“ಏನೋ ಚೀಟಿ ಐತೆ, ಅದ್ರ ಮೇಲೆ ಇನ್ನೊಂದು ಅಂಟಿಸ್ಬಿಟ್ಟವ್ರೆ. ಕಾಣಲ್ಲ.”

“ಮೊಟ್ಟೆ ತಾನೆ? ತಣ್ಣಗಿರೋದಕ್ಕೇ ಹಾಕಿ, ಕೆಡದೆ ಇರ್ಲಿ” ಎಂದೆ. ಫೋನ್ ಇಟ್ಟು ಮೇಲ್‌ನ ಉಳಿದ ಸಾಲು ಬರೆದೆ.

ಅರ್ಧ ದಿನ ಎಂದು ನಾನು ಲೆಕ್ಕ ಹಾಕಿದ್ದ ತಡ ನಾಲ್ಕು ದಿನವಾಯಿತು. ಅರ್ಜಿಗೆ ಒಪ್ಪಿಗೆ ಸಿಗುವಷ್ಟರಲ್ಲಿ ಸಂಜೆಯಾಗಿತ್ತು, ಆಮೇಲೆ ಸಾಲಾಗಿ ರಜೆ ಬಂದವು. ಸರ್ ರಜೆಯಲ್ಲೂ ತ್ಯಾಮಗೊಂಡ್ಲಿನಿಂದ ಬಂದು, ಯಾರಾದರೂ ಸಿಗುತ್ತಾರೇನೋ ಎಂದು ಕಾದು ಕುಳಿತು ಹೋದರು. ಮಂಗಳವಾರ ಮಧ್ಯಾಹ್ನ ಪೆಟ್ಟಿಗೆಗಳು ಹೊರಗೆ ಬಂದವು.

ಒಪ್ಪಿಸಲು ಸರಕು ವಿಭಾಗದ ಹೊರಗೇಟಿಗೆ ನಾನೇ ಹೋಗಿದ್ದೆ. ಕುಂದಾಣದ ದಂಪತಿ ಒಂದು ವ್ಯಾನಿನಲ್ಲಿ ಹಳೆಯ ಹಾಸಿಗೆ ಹಾಸಿಕೊಂಡು ಬಂದಿದ್ದರು. ಆಕೆ ಒಂದು ಪೆಟ್ಟಿಗೆಯ ತೂತಿನೊಳಗೆ ಬೆರಳು ಹಾಕಿ ಒಂದು ಮೊಟ್ಟೆ ಮುಟ್ಟಿದರು. ಹುಬ್ಬು ಗಂಟಿಕ್ಕಿತು.

“ಯಾಕವ್ವಾ ಇಷ್ಟು ತಣ್ಣಗೈತೆ?”

ಆ ಕ್ಷಣದಲ್ಲಿ ನನಗೆ ಅಮ್ಮಿ ನೆನಪಾದಳು. ಚಿಕ್ಕಂದಿನಲ್ಲಿ, ಕಾವಿಗೆ ಕುಳಿತ ಕೋಳಿಯ ಕೆಳಗಿಡಲು ಮೊಟ್ಟೆ ಸಾಲದೆ ಬಂದಾಗ ನಾನು ಫ್ರಿಜ್ಜಿನಿಂದ ಎರಡು ತಂದುಕೊಟ್ಟಿದ್ದೆ. ಅಮ್ಮಿ ನನ್ನ ಕೈಗೆ ಹೊಡೆದು, “ಫ್ರಿಜ್ ಕಾ ಅಂಡಾ ನಕ್ಕೊ!” ಎಂದು ಗದರಿದ್ದಳು. ಫ್ರಿಜ್ಜಿನ ಮೊಟ್ಟೆ ಬೇಡ, ಒಳಗಿನ ಜೀವ ಆಗಲೇ ಹೋಗಿರುತ್ತದೆ. ಏಳು ವರ್ಷದವಳಿಗೆ ಗೊತ್ತಿದ್ದ ವಿಷಯ ಅದು.

“ಗೋದಾಮಿಂದ ಎಸಿ ವ್ಯಾನಲ್ಲಿ ತಂದ್ವಿ, ಅದಕ್ಕೆ” ಎಂದೆ.

“ಓ” ಎಂದು ಆಕೆ ಪೆಟ್ಟಿಗೆಯ ಮೇಲೆ ಸೀರೆಯ ಸೆರಗು ಹೊದಿಸಿ, ಅದರ ಪಕ್ಕವೇ ಹಾಸಿಗೆಯ ಮೇಲೆ ಕುಳಿತರು.

ಒಂಬತ್ತು ದಿನ ಕಳೆದು ಆಕೆಯ ಗಂಡ ಫೋನ್ ಮಾಡಿ, ಮೊಟ್ಟೆಗಳು ಖಾಲಿಯಿದ್ದಂತಿವೆ ಎಂದರು. ವರದಿ ಬೇಕೆಂದು ಮ್ಯಾನೇಜರ್ ನನ್ನನ್ನೇ ಕಳಿಸಿದರು. ಶೆಡ್ಡಿನ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಆಕೆ ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಬಾಯಿಗೆ ಇಡುತ್ತಿದ್ದರು. ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಗೆ ಸಲೀಸಾಗಿ ಹಾಯುತ್ತಿತ್ತು. ಎಳೆಯಿಲ್ಲ, ಚುಕ್ಕೆಯಿಲ್ಲ. “ಇದೂ ಇಲ್ಲ” ಎಂದು ಎಡಗಡೆಯ ಮಂಕರಿಗೆ ಹಾಕುತ್ತಿದ್ದರು. ಎಲ್ಲೋ ಒಂದರಲ್ಲಿ ಕೆಂಪು ಬೇರಿನಂತೆ ಕವಲೊಡೆದ ಎಳೆಗಳ ನಡುವೆ ಒಂದು ಕಪ್ಪು ಚುಕ್ಕೆ ಅಲುಗಿತು. ಆಕೆ ನನ್ನನ್ನು ಹತ್ತಿರ ಕರೆದು ತೋರಿಸಿದರು. ನನಗೆ ಅದನ್ನು ನೆಟ್ಟಗೆ ನೋಡಲಾಗಲಿಲ್ಲ.

“ನಿಮ್ದೇನೂ ತಪ್ಪಿಲ್ಲ ಬಿಡಿ ಮೇಡಂ” ಎಂದರು ಗಂಡ, ನನ್ನನ್ನು ರಸ್ತೆಯವರೆಗೆ ಬಿಡಲು ಬಂದಾಗ. “ನೀವು ಓಡಾಡಿ ಬಿಡಿಸಿಕೊಟ್ರಿ.”

ಕಡೆಗೆ ಹುಟ್ಟಿದ್ದು ಹದಿನೇಳು ಮರಿ. ತಪ್ಪು ಸಾಲಿನಿಂದ ತಡವಾಯಿತು, ತಡದಿಂದ ಮೊಟ್ಟೆ ಹಾಳಾಯಿತು ಎಂದು ನಾನು ವರದಿ ಬರೆದೆ. ತಂಪಿನ ಕೋಣೆಯ ಮಾತು ಅದರಲ್ಲಿರಲಿಲ್ಲ. ನಾಲ್ಕು ದಿನದ ತಡವೊಂದೇ ಆಗಿದ್ದರೆ, ಹದವಾದ ಕೋಣೆಯಲ್ಲಿ ಇಟ್ಟಿದ್ದರೆ, ಬಹುಪಾಲು ಉಳಿಯುತ್ತಿತ್ತು ಎಂದು ಆಗಲೂ ನನಗೆ ಗೊತ್ತಿತ್ತು.

ಮ್ಯಾನೇಜರ್ ನಮ್ಮ ಸರ್ ಅವರನ್ನು ಒಳಗೆ ಕರೆಸಿ ಮಾತಾಡಿದರು. ಬಾಗಿಲು ಮುಚ್ಚಿತ್ತು. ಹೊರಬಂದವರು ತಮ್ಮ ಸುಂಕದ ಪುಸ್ತಕ, ಕನ್ನಡಕದ ಡಬ್ಬಿ ತೆಗೆದುಕೊಂಡು ಬಾಗಿಲ ಬಳಿ ಕಾಗದ ಕೊಟ್ಟು ತೆಗೆದುಕೊಳ್ಳುವ ಕೌಂಟರಿಗೆ ಹೋಗಿ ಕುಳಿತರು. ನಾನು ಅವರ ಮೇಜಿಗೆ ಬಂದೆ. ಆಮೇಲೆ ಅವರು ನನ್ನ ಬಸ್ಸಿಗೆ ಬರಲಿಲ್ಲ. ಅದಕ್ಕಿಂತ ಮುಂಚಿನದು ಹಿಡಿಯುತ್ತಾರೆ ಎಂದು ಕಂಡಕ್ಟರ್ ಹೇಳಿದ. ಮೂರು ತಿಂಗಳಾಗುವಷ್ಟರಲ್ಲಿ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ತಂದಿದ್ದ ಕೇಕ್ ಕತ್ತರಿಸುವಾಗ ಎಲ್ಲರಿಗೂ ಕೊಟ್ಟಂತೆ ನನಗೂ ಒಂದು ತುಂಡು ಕೊಟ್ಟರು.

ಎರಡು ವರ್ಷ ಕಳೆಯಿತು. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿಯ ಪಿಂಚಣಿಗೆ ಅರ್ಜಿ ಹಾಕಬೇಕಿತ್ತು. ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯ ಬಳಿ ಜೆರಾಕ್ಸ್ ಅಂಗಡಿಯೊಂದರ ಮುಂದೆ ಹೋಗಿ ನಿಂತೆ. ಒಳಗೆ ಕುಳಿತು ಜನರ ಅರ್ಜಿ ತುಂಬಿಕೊಡುತ್ತಿದ್ದವರು ಸರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಬಾಮ್ಮಾ” ಎಂದು ಬೆಂಚು ತೋರಿಸಿದರು. ಅಬ್ಬಾ ಹೋದದ್ದು ಕೇಳಿ ನೊಂದುಕೊಂಡರು. ಅರ್ಜಿ ತೆಗೆದುಕೊಂಡು ಅಮ್ಮಿಯ ವಯಸ್ಸು, ವಿಳಾಸ ಕೇಳಿ ಕೇಳಿ ಬರೆಯತೊಡಗಿದರು. ಅಕ್ಷರ ಹಿಂದಿನ ಹಾಗೇ ದುಂಡಗಿತ್ತು.

ನನಗೆ ತಡೆಯಲಾಗಲಿಲ್ಲ. “ಸರ್, ಆ ಬಾತುಕೋಳಿ ಕಡತ… ನಾನು ಗುರುವಾರವೇ ನೋಡಿದ್ದೆ.”

ಅವರು ಬರೆಯುವುದು ನಿಲ್ಲಿಸಲಿಲ್ಲ. “ಗೊತ್ತು ಕಣಮ್ಮಾ. ಐದೂ ಹತ್ತಕ್ಕೆ ನೀನು ನೋಡಿ ಒತ್ತಿದ್ದೆ. ಮ್ಯಾನೇಜರ್ ನನ್ನ ಮುಂದಿಟ್ಟ ಹಾಳೇಲೇ ಇತ್ತು ಟೈಮು. ಅವ್ರು ನೋಡ್ಲಿಲ್ಲ. ನಾನು ನೋಡ್ದೆ. ಬಸ್ಸಲ್ಲಿ ಅಷ್ಟು ಹೇಳ್ಕೊಟ್ಟ ಮೇಲೆ ನಿನ್ನ ಕಣ್ಣಿಗೆ ಅದು ತಪ್ಪೋದಿಲ್ಲ.”

“ಮತ್ತೆ ಯಾಕೆ ಸರ್ ಹೇಳ್ಲಿಲ್ಲ?”

“ಕೋಳಿ ಅಂತ ಬರೆದೋನು ನಾನಲ್ವಾ? ನೀನು ನೋಡಿ ಸುಮ್ನಿದ್ದೆ ಅಂದ್ರೆ ನನ್ನ ತಪ್ಪು ಇಲ್ಲ ಅಂತ ಆಗುತ್ತಾ?” ಸ್ವಲ್ಪ ಹೊತ್ತು ಬರೆದರು. “ಬೇಜಾರಾಗಿತ್ತು. ಇಲ್ಲ ಅನ್ನಲ್ಲ. ಬಸ್ಸಲ್ಲಿ ನಿನ್ನ ಪಕ್ಕ ಕೂತ್ಕೊಳ್ಳೋಕೆ ಮನಸ್ಸಾಗ್ಲಿಲ್ಲ.”

ಆಗ ನಾನು ತಂಪಿನ ಕೋಣೆಯ ವಿಷಯ ಹೇಳಿದೆ. ಗೋದಾಮಿನ ಫೋನು, ನಾನು ಕೊಟ್ಟ ಉತ್ತರ, ಆಕೆ ಮುಟ್ಟಿ ಕೇಳಿದ್ದು, ನಾನು ಹೇಳಿದ ಸುಳ್ಳು. ಸರ್ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

“ಇದು ಗೊತ್ತಿರ್ಲಿಲ್ಲ ನನಗೆ” ಎಂದರು. “ಅಷ್ಟೂ ಜೀವ ನನ್ನ ಕೈಯಿಂದಲೇ ಹೋಯ್ತು ಅಂದ್ಕೊಂಡಿದ್ದೆ. ಮನೇಲಿ ಆಮೇಲೆ ಮೊಟ್ಟೆ ತಿಂದಿಲ್ಲ ನಾನು. ಎರಡು ವರ್ಷ.”

“ಕ್ಷಮಿಸಿ ಸರ್.”

“ನನಗೆ ಹೇಳಿದ್ಯಲ್ಲ, ಸರಿ. ಅವ್ರಿಗೆ ಹೇಳಿದ್ಯಾ?”

ಇಲ್ಲ ಎಂದೆ. ಸರ್ ಅರ್ಜಿ ಪೂರ್ತಿ ಮಾಡಿ, ಎಲ್ಲೆಲ್ಲಿ ಅಮ್ಮಿಯ ಹೆಬ್ಬೆಟ್ಟು ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. ಹಿಂದಿದ್ದವರನ್ನು “ಬನ್ನಿ” ಎಂದು ಕರೆದರು.

ಮುಂದಿನ ಭಾನುವಾರ ಕುಂದಾಣಕ್ಕೆ ಹೋದೆ. ಮನೆಯ ಮುಂದೆ ಗಂಡ ಪತ್ರಿಕೆ ಓದುತ್ತಾ ಕುಳಿತಿದ್ದರು. ಗುರುತು ಹಿಡಿದು, ಸಂತೋಷದಿಂದಲೇ ಒಳಗೆ ಕರೆದರು. ಕುಳಿತಲ್ಲಿಂದ ಹಿಂದಿನ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ಒಳಗೆ ಬೂಸಾ ಚೀಲಗಳನ್ನು ಪೇರಿಸಿದ್ದರು. ಕಾವಿನ ಯಂತ್ರ ಮೂಲೆಯಲ್ಲಿತ್ತು. ಅದರ ಮೇಲೆ ಹಳೆಯ ಬೆಡ್‌ಶೀಟು, ಅದರ ಮೇಲೆ ಖಾಲಿ ಡಬ್ಬಗಳು. ಬಾತುಕೋಳಿಯ ಸದ್ದು ಎಲ್ಲೂ ಇರಲಿಲ್ಲ.

ಆಕೆ ಕಾಫಿ ತಂದಿಟ್ಟು ಹೊಸಿಲ ಬಳಿ ನಿಂತರು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ಸರ್ ಬಗ್ಗೆ, ನನ್ನ ಕುರ್ಚಿಯ ಬಗ್ಗೆ, ಗೋದಾಮಿನ ಬಗ್ಗೆ, ಏನನ್ನೂ ಬಿಡಲಿಲ್ಲ. ಅವರು ಬೈಯುತ್ತಾರೆ, ಪರಿಹಾರ ಕೇಳುತ್ತಾರೆ, ಕಚೇರಿಗೆ ದೂರು ಕೊಡುತ್ತಾರೆ ಎಂದೆಲ್ಲ ಯೋಚಿಸಿ ಸಿದ್ಧವಾಗಿ ಹೋಗಿದ್ದೆ. ಗಂಡ ಪತ್ರಿಕೆಯನ್ನು ಮಡಿಸುತ್ತಾ, ಬಿಡಿಸುತ್ತಾ ಕುಳಿತರು. ಮಾತಾಡಿದ್ದು ಆಕೆ. ನನ್ನ ಜೊತೆಯಲ್ಲ, ಗಂಡನ ಜೊತೆ.

“ಕೇಳಿಸ್ತಾ?”

“ಕೇಳಿಸ್ತು.”

“ಯಂತ್ರಕ್ಕೆ ನೀರು ಜಾಸ್ತಿ ಇಕ್ಕಿದ್ಲು, ಕರೆಂಟ್ ಹೋದಾಗ ನೋಡ್ಕೊಳ್ಲಿಲ್ಲ, ಅಂತ ಫಾರಂನವ್ರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ.”

“ನಾನೇನು ನಿನ್ನ ಬೈದ್ನಾ? ಒಂದು ದಿನಾನಾದ್ರೂ?”

“ಬೈದಿದ್ರೆ ತಿರುಗಿ ಹೇಳ್ತಿದ್ದೆ. ‘ಪಾಪ, ವಯಸ್ಸಾಯ್ತು, ಇನ್ಮೇಲೆ ಅವಳ ಕೈಲಿ ಆಗಲ್ಲ’ ಅಂತ ಅಂದ್ಯಲ್ಲ, ಅದಕ್ಕೆ ಏನು ಹೇಳ್ಳಿ?”

ಆಗ ನನಗೆ ತಿಳಿಯಿತು. ಆ ಖಾಲಿ ಮೊಟ್ಟೆಗಳಾದ ಮೇಲೆ ಯಾವ ಫಾರಂನವರೂ ಈಕೆಯ ಯಂತ್ರಕ್ಕೆ ಮೊಟ್ಟೆ ಕಳಿಸಿರಲಿಲ್ಲ. ಈಕೆಯೂ ತಮ್ಮದೇ ಕೈಯನ್ನು ನಂಬುವುದು ಬಿಟ್ಟಿದ್ದರು. ಹುಟ್ಟಿದ ಹದಿನೇಳು ಮರಿಗಳನ್ನು ದೊಡ್ಡ ಮಾಡಿ ಯಾರಿಗೋ ಕೊಟ್ಟು, ಯಂತ್ರಕ್ಕೆ ಬೆಡ್‌ಶೀಟು ಹೊದಿಸಿದವರು ಮತ್ತೆ ಅದರ ಗುಂಡಿ ಒತ್ತಿರಲಿಲ್ಲ. ನಾನು ವರದಿಯಲ್ಲಿ ತಡವನ್ನು ದೂರಿದ್ದೆ, ಆದರೆ ವರದಿ ಕಚೇರಿಯ ಕಪಾಟಿನಲ್ಲಿ ಉಳಿಯಿತು. ಊರಿಗೆ ಹೋದ ಮಾತು ಬೇರೆಯೇ ಆಗಿತ್ತು.

ಆಕೆ ನನ್ನ ಕಡೆ ತಿರುಗಿದರು. “ಅವತ್ತು ಯಾಕೆ ತಣ್ಣಗೈತೆ ಅಂತ ಕೇಳಿದ್ನಲ್ವಾ?”

“ಕೇಳಿದ್ರಿ.”

“ಎಸಿ ವ್ಯಾನು ಅಂದ್ರಿ.”

“ಅಂದೆ.”

“ನನ್ನ ಬೆರಳಿಗೆ ಗೊತ್ತಾಗಿತ್ತು, ಇದು ವ್ಯಾನಿನ ತಂಪಲ್ಲ ಅಂತ. ಒಳಗಿಂದ ಬರೋ ತಂಪು ಅದು. ಆದ್ರೂ ಓದಿದವ್ರು, ಆಫೀಸಿನವ್ರು ಹೇಳ್ತಾವ್ರೆ, ನನಗೇ ತಪ್ಪು ಅನ್ನಿಸ್ತಾ ಐತೆ ಅಂದ್ಕಂಡೆ. ಅವತ್ತೇ ಹೇಳಿದ್ರೆ ಆ ಮೊಟ್ಟೆ ಯಂತ್ರಕ್ಕೇ ಇಕ್ತಿರ್ಲಿಲ್ಲ ನಾನು.”

ತಪ್ಪಾಯಿತು ಎಂದೆ. ಆಕೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಗಂಡ ಎದ್ದು ಹೋಗಿ ಬಾಗಿಲ ಮುಂದೆ ನಿಂತರು. “ತೆಗಿಯೇ. ಒಂದ್ಮಾತು” ಎಂದರು. ಬಾಗಿಲು ತೆರೆಯಲಿಲ್ಲ. ಕಾಫಿ ಹಾಗೇ ಇತ್ತು. ಕುಡಿಯುವುದೋ ಬಿಡುವುದೋ ತಿಳಿಯದೆ ಎದ್ದು ಬಂದೆ.

ಕಚೇರಿಯಲ್ಲಿ ಮ್ಯಾನೇಜರಿಗೂ ಹೇಳಿದೆ. ಆ ಕಡತ ಮುಗಿದಿದೆ, ಮತ್ತೆ ಕೆದಕಬೇಡ ಎಂದರು. ಕೆಲಸ ಬಿಡುತ್ತೇನೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ನನ್ನ ಮಗಳ ಶಾಲೆ, ಅಮ್ಮಿಯ ಔಷಧಿ ಎಂದು ಕಾರಣಗಳನ್ನು ಕೂಡಿಸಿಕೊಂಡೆ. ಹಳೆಯ ವರದಿಗೆ ಒಂದು ಹಾಳೆ ಸೇರಿಸಿ, ನಡೆದದ್ದನ್ನು ಬರೆದು ಸಹಿ ಹಾಕಿ ಅದೇ ಕಡತದಲ್ಲಿಟ್ಟೆ. ಅದರ ಒಂದು ಪ್ರತಿಯನ್ನು ಸರ್‌ಗೆ ಕೊಡಲು ಹೋದಾಗ ಅವರು ಓದಿ, ಎರಡನೇ ಸಾಲಿನಲ್ಲಿದ್ದ ಒಂದು ಅಕ್ಷರದ ತಪ್ಪನ್ನು ತಿದ್ದಿ ಹಿಂದಕ್ಕೆ ಕೊಟ್ಟರು.

ಮೊಟ್ಟೆಯ ಸರಕು ಆಮೇಲೂ ಎರಡು ಸಲ ಬಂದಿದೆ. ಎರಡೂ ಸಲ ನಾನೇ ಗೋದಾಮಿಗೆ ಹೋಗಿ ಕೋಣೆಯ ಬಾಗಿಲಿನ ಮೇಲಿನ ಅಂಕಿ ಓದಿ ಬಂದಿದ್ದೇನೆ. ಕುಂದಾಣದ ಆಕೆ ಮತ್ತೆ ಯಂತ್ರ ಹಚ್ಚಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆಯ ಗಂಡನ ನಂಬರು ನನ್ನ ಫೋನಿನಲ್ಲಿದೆ. ಕೆಲವು ಸಲ ತೆಗೆದು ನೋಡುತ್ತೇನೆ, ಮಾಡುವುದಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸುವುದಿಲ್ಲ.